ಅಕ್ಕಿಯ ಮೇಲೆ ಬರೆದ ಹೆಸರು

ದಾರ್ಸೈಟಿನ ನಮ್ಮ ಮನೆಯಲ್ಲಿ ಊಟದ ಮೇಜು ಇರಲಿಲ್ಲ, ಬರೆಯುವ ಮೇಜು ಇತ್ತು. ಮಸ್ಕತ್ತಿನಲ್ಲಿ ನಮ್ಮಂಥವರ ಮನೆಗೆ ಮೊದಲು ಸೋಫಾ ಬರುತ್ತದೆ, ಆಮೇಲೆ ಟಿವಿ, ಆಮೇಲೆ ನಾಲ್ಕು ಕುರ್ಚಿಯ ಊಟದ ಮೇಜು. ನಾವು ಮೂವರು ಮಾತ್ರ ನೆಲದ ಮೇಲೆ ಚಾಪೆ ಹಾಸಿ ಉಣ್ಣುವವರು. ಹಾಲ್‌ನಲ್ಲಿ ಕಿಟಕಿಯ ಬಳಿ ಇದ್ದ ಒಳ್ಳೆಯ ಜಾಗವನ್ನೆಲ್ಲ ಅಮ್ಮನ ಮೇಜು ನುಂಗಿಹಾಕಿತ್ತು. ಅದನ್ನು ಮಾಡಿಸಿಕೊಟ್ಟವರು ಪಪ್ಪ. ಸೊಹಾರ್‌ನಲ್ಲಿ ಕೊರಿಯಾದ ಕಂಪೆನಿಯೊಂದು ಕಾರ್ಖಾನೆ ಕಟ್ಟುತ್ತಿತ್ತು, ಪಪ್ಪ ಅಲ್ಲಿ ಪೈಪಿಂಗ್ ಸೂಪರ್‌ವೈಸರ್. ಶನಿವಾರ ಬೆಳಿಗ್ಗೆ ಕಂಪೆನಿ ಬಸ್ಸು ಹತ್ತಿದರೆ ಬುಧವಾರ ಸಂಜೆಯೇ ಮನೆ. ಆಗಿನ್ನೂ ಇಲ್ಲಿ ಗುರುವಾರ, ಶುಕ್ರವಾರ ವಾರದ ರಜೆ. ಯಂತ್ರಗಳು ಬರುತ್ತಿದ್ದ ದಪ್ಪ ಮರದ ಪೆಟ್ಟಿಗೆಗಳನ್ನು ಸೈಟಿನಲ್ಲಿ ಒಡೆದು ಬಿಸಾಡುತ್ತಿದ್ದರಂತೆ. ಅದರ ಹಲಗೆ ಕೇಳಿ ಪಡೆದು, ಅಲ್ಲಿಯ ಬಡಗಿಯ ಕೈಯಲ್ಲಿ ಕೂಡಿಸಿ, ಒಂದು ಬುಧವಾರ ಪಿಕಪ್‌ನಲ್ಲಿ ಹೇರಿಕೊಂಡು ಬಂದರು. ಮೇಲ್ಗಡೆ ಉಜ್ಜಿ ವಾರ್ನಿಶ್ ಹೊಡೆದಿದ್ದರು, ಕೆಳಗಡೆ ಹಾಗೇ ಬಿಟ್ಟಿದ್ದರು. ಕೆಳಗೆ ಮಲಗಿ ನೋಡಿದರೆ ಕಪ್ಪು ಬಣ್ಣದಲ್ಲಿ ಅಚ್ಚು ಹೊಡೆದ ಕೊರಿಯಾದ ಅಕ್ಷರಗಳು ಕಾಣುತ್ತಿದ್ದವು: ಒಂದು ಸೊನ್ನೆ, ಒಂದು ಗೆರೆ, ಒಂದು ಚೌಕ. ಶಾಲೆಯಿಂದ ಬಂದವಳು ನಾನು ಅದರ ಕೆಳಗೇ ಬಿದ್ದುಕೊಂಡಿರುತ್ತಿದ್ದೆ. ಆ ಮೇಜು ಈಗ ಅಲ್ ಮವಾಲೇಹ್‌ನ ನನ್ನ ಮನೆಯಲ್ಲಿದೆ. ಗಂಡ ವಾರವಿಡೀ ದೂರದ ದುಕ್ಮ್‌ನಲ್ಲಿ ಕೆಲಸದ ಮೇಲೆ, ಮಗಳು ಆ ಮೇಜಿನ ಮೇಲೆ ಹೋಮ್‌ವರ್ಕ್ ಮಾಡುತ್ತಾಳೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ನಾನು ಬೈಯುವುದಿಲ್ಲ. ಯಾಕೆ ಬೈಯುವುದಿಲ್ಲ ಎಂದು ಹೇಳಬೇಕಾದರೆ ಇಷ್ಟೆಲ್ಲ ಬರೆಯಬೇಕು.

ನಮ್ಮದು ಎರಡನೇ ಮಾಳಿಗೆ. ಎರಡು ಕೋಣೆ, ಒಂದು ಹಾಲ್, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ಕಿಟಕಿ ತೆಗೆದರೆ ಎದುರಿಗೇ ಬೋಳುಗುಡ್ಡ, ಒಂದು ಹುಲ್ಲುಕಡ್ಡಿ ಇಲ್ಲ. ಶುಕ್ರವಾರ ಬೆಳಿಗ್ಗೆ ಕೃಷ್ಣ ದೇವಸ್ಥಾನಕ್ಕೆ ನಡೆದೇ ಹೋಗಿ ಬರುತ್ತಿದ್ದೆವು, ಬಂದ ಕೂಡಲೇ ಅಮ್ಮ ಕುಚ್ಚಲಕ್ಕಿ ಗಂಜಿಗೆ ನೀರಿಡುತ್ತಿದ್ದಳು. ನಾವು ಕಾರ್ಕಳದ ಕಡೆಯ ಕೊಂಕಣಿಯವರು. ಅಮ್ಮ ಪಪ್ಪ ತಮ್ಮ ತಮ್ಮೊಳಗೆ ಕೊಂಕಣಿ ಆಡುತ್ತಿದ್ದರು, ನನ್ನ ಹತ್ತಿರ ಮಾತ್ರ ಅಮ್ಮ ಹಠ ಹಿಡಿದು ಕನ್ನಡವೇ ಆಡುತ್ತಿದ್ದಳು. ಅದಕ್ಕೆ ಕಾರಣ ಇತ್ತು. ಅಮ್ಮ ಕನ್ನಡದಲ್ಲಿ ಬರೆಯುತ್ತಿದ್ದಳು, ಮನೆಯಲ್ಲಿ ಓದುವವರು ಒಬ್ಬರಾದರೂ ಬೇಕಿತ್ತು. ಪಪ್ಪ ಪೇಪರು ಬಿಟ್ಟರೆ ಬೇರೇನೂ ಓದಿದವರಲ್ಲ. ನಾನೋ ಇಂಡಿಯನ್ ಸ್ಕೂಲಿನವಳು, ಹನ್ನೊಂದು ವರ್ಷ, ಕನ್ನಡ ಎಂದರೆ ಊರಿಗೆ ಹೋದಾಗ ಹಾಕಿಕೊಳ್ಳುವ ಹಳೇ ಚಪ್ಪಲಿ ಎಂದುಕೊಂಡಿದ್ದವಳು.

ಆಗ ಅಮ್ಮ ಬರೆಯುತ್ತಿದ್ದದ್ದು ಕೊರಿಯಾದ ಸ್ವಾತಂತ್ರ್ಯ ಹೋರಾಟದ ಮೇಲೆ ಒಂದು ಕಾದಂಬರಿ. ಹೇಳಿದರೆ ನಗುತ್ತಾರೆ, ಆಗಲೂ ನಗುತ್ತಿದ್ದರು. ಕಾರ್ಕಳದ ಹೆಂಗಸು, ಮಸ್ಕತ್ತಿನಲ್ಲಿ ಕೂತು, ಕೊರಿಯಾದ ಬಗ್ಗೆ, ಕನ್ನಡದಲ್ಲಿ. ಕಟ್ಟಡದಲ್ಲಿ ನಮ್ಮ ಕಡೆಯವರು ಸಿಕ್ಕಿದಾಗಲೆಲ್ಲ ನಿಮ್ಮ ಚೀನಾ ಕಥೆ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು, ಅಮ್ಮ ಚೀನಾ ಅಲ್ಲ ಎಂದು ತಿದ್ದಿ ತಿದ್ದಿ ಸುಸ್ತಾಗಿದ್ದಳು. ಪಪ್ಪನಿಗೂ ಅರ್ಥವಾಗುತ್ತಿರಲಿಲ್ಲ.

"ಅಲ್ಲ ಮಾರಾಯ್ತಿ, ಬರೆಯುವುದೇ ಆದ್ರೆ ನಮ್ಮ ಊರಿನದ್ದು ಬರಿ. ಓದುವವರಾದ್ರೂ ಸಿಕ್ತಾರೆ."

"ಊರಿನದ್ದು ಬರೆದ್ರೆ ಇದು ಯಾರ ಮನೆಯ ಅತ್ತೆ, ಇದು ಯಾರ ಮನೆಯ ಸೊಸೆ ಅಂತ ಲೆಕ್ಕ ಹಾಕ್ತಾರೆ. ನಿಮ್ಮ ಅಮ್ಮನಿಗೆ ಉತ್ತರ ನೀವು ಕೊಡ್ತೀರಾ? ಕೊರಿಯಾ ಆದ್ರೆ ಯಾರ ಉಪದ್ರವೂ ಇಲ್ಲ."

ಪಪ್ಪ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಸುಮ್ಮನಾಗಿ ಮುಂದಿನ ವಾರ ಸೈಟ್ ಆಫೀಸಿನಿಂದ ಒಂದು ಕಡೆ ಮಾತ್ರ ಅಚ್ಚಾದ ಹಳೇ ಡ್ರಾಯಿಂಗ್ ಹಾಳೆಗಳನ್ನು ಕೇಳಿ ತಂದು ಕೊಡುತ್ತಿದ್ದರು. ಅಮ್ಮನ ಕಾದಂಬರಿಯ ಮೊದಲ ಪ್ರತಿ ಪೂರ್ತಿ ಪೈಪುಗಳ ಚಿತ್ರದ ಬೆನ್ನಿಗೇ ಬರೆದದ್ದು.

ಕಥೆ ಕೊಟ್ಟವರು ಎದುರುಮನೆಯ ಹಾನ್ ಅಂಕಲ್. ಪಪ್ಪನ ಕಂಪೆನಿಯ ರೂವಿ ಆಫೀಸಿನಲ್ಲಿ ದೊಡ್ಡ ಇಂಜಿನಿಯರು, ಅರವತ್ತರ ಹತ್ತಿರದ ಮನುಷ್ಯ. ಹೆಂಡತಿ ತೀರಿಹೋಗಿದ್ದರು, ಮಗಳು ಮೊಮ್ಮಗಳು ಕೊರಿಯಾದಲ್ಲಿ. ಒಬ್ಬರೇ ಇರುತ್ತಿದ್ದರು. ಅವರು ಮನೆಯಲ್ಲಿ ಎಲೆಕೋಸಿನ ಕಿಮ್ಚಿ ಹಾಕಿದ್ದೇ ಕಟ್ಟಡದಲ್ಲಿ ಗಲಾಟೆ ಶುರುವಾಗಿತ್ತು, ವಾಸನೆ ಎಂದು ಕೆಳಗಿನ ಮನೆಯವರು ವಾಚ್‌ಮನ್‌ಗೆ ದೂರು ಕೊಟ್ಟರು. ಅಮ್ಮ ಮಾತ್ರ ಹೋಗಿ ಬಾಗಿಲು ಬಡಿದು, ಒಂದು ಭರಣಿ ಮಾವಿನ ಮಿಡಿ ಉಪ್ಪಿನಕಾಯಿ ಕೊಟ್ಟು ಬಂದಳು. ಉಪ್ಪು ಮೆಣಸಿನಲ್ಲಿ ತಿಂಗಳುಗಟ್ಟಲೆ ಕೊಳೆ ಹಾಕುವುದು ನಮಗೇನು ಹೊಸತಾ ಎಂದು ಅವಳ ವಾದ. ಮಾರನೇ ಶುಕ್ರವಾರ ಹಾನ್ ಅಂಕಲ್ ಒಂದು ಡಬ್ಬಿ ಕಿಮ್ಚಿ, ತಮ್ಮದೇ ಉದ್ದ ಹಿಡಿಯ ಚಮಚ ಹಿಡಿದುಕೊಂಡು ಗಂಜಿ ಊಟಕ್ಕೆ ಬಂದರು. ಆಮೇಲೆ ಸುಮಾರು ಎರಡು ವರ್ಷ ಒಂದು ಶುಕ್ರವಾರವೂ ತಪ್ಪಲಿಲ್ಲ. ಪಪ್ಪನನ್ನು ಅವರು 'ಪ್ರಭಾಕರ್-ಸ್ಸಿ' ಎನ್ನುತ್ತಿದ್ದರು; ಅವರಲ್ಲಿ ಗೌರವಕ್ಕೆ ಹೆಸರಿನ ತುದಿಗೆ 'ಸ್ಸಿ' ಸೇರಿಸುತ್ತಾರೆ, ನಾವು 'ಅವರೇ' ಎಂದ ಹಾಗೆ. ಅಮ್ಮನನ್ನು ಮಾತ್ರ 'ನಂದಿನಿ ಒಮ್ಮಾ' ಎಂದು ನನ್ನ ಹೆಸರು ಸೇರಿಸಿಯೇ ಕರೆಯುತ್ತಿದ್ದರು. ಅವರಲ್ಲಿ ಮಕ್ಕಳ ತಾಯಿಯನ್ನು ಹಾಗೆ ಕರೆಯುವುದು ರೂಢಿಯಂತೆ. ನಮ್ಮಲ್ಲೂ ಹಾಗೇ ಅಲ್ಲವಾ ಎಂದು ಅಮ್ಮನಿಗೆ ಅದೂ ಒಂದು ಖುಷಿ.

ಊಟವಾದ ಮೇಲೆ ಅವರು ತಮ್ಮ ಅಜ್ಜಿಯ ಕಥೆ ಹೇಳುತ್ತಿದ್ದರು. ಕೊರಿಯಾ ಆಗ ಜಪಾನಿನವರ ಕೈಯಲ್ಲಿತ್ತು. ಅಜ್ಜಿಗೆ ಹದಿನಾರು ವರ್ಷ ಇರುವಾಗ ಒಂದು ದಿನ ಸಂತೆಯಲ್ಲಿ ಬಿಳಿ ಬಟ್ಟೆಯ ಜನರೆಲ್ಲ ಒಟ್ಟಿಗೆ 'ಮಾನ್ಸೆ' ಎಂದು ಜಯಕಾರ ಹಾಕಿದರಂತೆ. ಹಿಂದಿನ ಹತ್ತು ದಿನ ಅಜ್ಜಿ ಕೈಯಲ್ಲೇ ಬಾವುಟ ಬರೆದು, ಕೊಳೆ ಹಾಕಿದ ಸೋಯಾ ಹುಳಿಯ ದೊಡ್ಡ ಜಾಡಿಯೊಳಗೆ ಎಣ್ಣೆಕಾಗದ ಸುತ್ತಿ ಇಳಿಸಿಟ್ಟಿದ್ದಳಂತೆ. ಪೊಲೀಸರು ಮನೆಯೆಲ್ಲ ಜಾಲಾಡಿದರೂ ಆ ವಾಸನೆಗೆ ಜಾಡಿಗೆ ಕೈ ಹಾಕಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ, ಅದೇ ಅಜ್ಜಿ ಮಕ್ಕಳೊಂದಿಗಳಾಗಿದ್ದಾಗ, ಇನ್ನೊಂದು ಆಜ್ಞೆ ಬಂತು: ಎಲ್ಲರೂ ಜಪಾನಿ ಹೆಸರು ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮಕ್ಕಳಿಗೆ ಶಾಲೆ ಇಲ್ಲ. ಸಂತೆಯ ದಿನ ಏಟು ತಿಂದರೂ ಅಳದ ಅಜ್ಜಿ ಹೆಸರು ಬರೆಸುವ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತಳಂತೆ. ಅಮ್ಮನ ಕಾದಂಬರಿ ಜಾಡಿಯಿಂದ ಶುರುವಾಗಿ ಆ ಮೆಟ್ಟಿಲಿನಲ್ಲಿ ಮುಗಿಯುವುದು. ಹುಡುಗಿಗೆ ಯೊನ್‌ಹಿ ಎಂದು ಹೆಸರಿಟ್ಟಿದ್ದಳು.

ಇವರಿಬ್ಬರ ನಡುವೆ ದುಭಾಷಿ ನಾನು. ಹಾನ್ ಅಂಕಲ್‌ರ ಇಂಗ್ಲಿಷು ಕೊರಿಯಾದ ಗಂಟಲಿನದ್ದು, ಅಮ್ಮನ ಇಂಗ್ಲಿಷು ಕನ್ನಡ ಮೀಡಿಯಮ್ಮಿನದ್ದು, ಜೊತೆಗೆ ನಾಚಿಕೆ. ಅವರು ಹೇಳಿದ್ದನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕು; ಅಮ್ಮ ಬರೆದದ್ದನ್ನು ಗಟ್ಟಿಯಾಗಿ ಓದಿ ಅವರಿಗೆ ಇಂಗ್ಲಿಷಿನಲ್ಲಿ ಹೇಳಬೇಕು. ಶುಕ್ರವಾರ ಸಂಜೆ ಕಟ್ಟಡದ ಮಕ್ಕಳೆಲ್ಲ ಕೆಳಗೆ ಪಾರ್ಕಿಂಗಿನಲ್ಲಿ ಸೈಕಲ್ ತುಳಿಯುತ್ತಿದ್ದರೆ ನಾನು ಮೇಲೆ ಕೊರಿಯಾದಲ್ಲಿ ಸಿಕ್ಕಿಬಿದ್ದಿರುತ್ತಿದ್ದೆ. ಆ ಶಿಕ್ಷೆಯಿಂದಲೇ ನನಗೆ ಕನ್ನಡ ಬಂತು. ಇವತ್ತು ನಾನು ಇದನ್ನು ಬರೆಯುತ್ತಿರುವ ಕನ್ನಡ ಆ ಶುಕ್ರವಾರಗಳದ್ದು.

ಒಮ್ಮೆ ಹಾನ್ ಅಂಕಲ್ ತಮ್ಮ ತಾಯಿಯ ಶಾಲೆಯ ಸಂಗತಿ ಹೇಳಿದರು. ವಾರದ ಮೊದಲಿಗೆ ಮೇಷ್ಟ್ರು ಪ್ರತಿ ಮಗುವಿಗೂ ಹತ್ತು ಚೀಟಿ ಕೊಡುತ್ತಿದ್ದರಂತೆ. ಯಾರ ಬಾಯಿಂದಲಾದರೂ ಕೊರಿಯಾದ ಮಾತು ಬಿದ್ದರೆ, ಕೇಳಿಸಿಕೊಂಡವರು ಅವರಿಂದ ಒಂದು ಚೀಟಿ ಕಿತ್ತುಕೊಳ್ಳಬಹುದು. ಅಮ್ಮ ಕಣ್ಣರಳಿಸಿ ಕೇಳಿದಳು. ಮಾರನೇ ದಿನ ಕ್ಯಾಲೆಂಡರ್ ಹಾಳೆ ಕತ್ತರಿಸಿ ಹತ್ತು ಚೀಟಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಹಾಕಿ ಅಂಟಿಸಿದಳು: ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಒಂದು ಚೀಟಿ ಹೋಯಿತು, ಹತ್ತೂ ಹೋದರೆ ಕಾರ್ಟೂನ್ ಇಲ್ಲ. ತಾನು ಏನು ಮಾಡುತ್ತಿದ್ದೇನೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಮಂಗಳವಾರದ ಹೊತ್ತಿಗೆ ಮ್ಯಾಗ್ನೆಟ್ ಮಾತ್ರ ಉಳಿದಿತ್ತು. ಶುಕ್ರವಾರ ಹಾನ್ ಅಂಕಲ್ ನೀರಿಗೆಂದು ಫ್ರಿಜ್ಜಿನ ಬಳಿ ಹೋದಾಗ, ಹೊಸ ವಾರಕ್ಕೆ ಅಂಟಿಸಿದ್ದ ಚೀಟಿ ಏನೆಂದು ಕೇಳಿದರು. ನಾನು ದೂರು ಹೇಳುವ ಉಮೇದಿನಲ್ಲೇ ಹೇಳಿದೆ. ಅವರು ನೀರು ಕುಡಿಯದೆ ಲೋಟ ಕೆಳಗಿಟ್ಟರು.

"ನನ್ನ ತಾಯಿ ಬಹಳ ಮಾತುಗಾತಿ. ಅವಳ ಹತ್ತಿರವೂ ಮಂಗಳವಾರಕ್ಕೆ ಒಂದೂ ಉಳಿಯುತ್ತಿರಲಿಲ್ಲ."

ನಾನು ಅದನ್ನು ಅಮ್ಮನಿಗೆ ಹೇಳಿದೆ. ಅಮ್ಮನ ಮುಖ ಇಷ್ಟಾಯಿತು. ಎದ್ದು ಹೋಗಿ ಚೀಟಿಗಳನ್ನು ಹರಿದು ಕಸದ ಬುಟ್ಟಿಗೆ ಹಾಕಿ, ನನ್ನ ತಲೆ ಸವರಿ, "ತಪ್ಪಾಯ್ತು ಮಗಾ" ಎಂದಳು. ದೊಡ್ಡವರು ಮಕ್ಕಳ ಹತ್ತಿರ ತಪ್ಪಾಯ್ತು ಎಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ತಿದ್ದಿದರೆ ತಿದ್ದಿಕೊಳ್ಳುವ ಹೆಂಗಸು ಎಂದು ಆ ದಿನವೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಿದ್ದರೆ ಆಮೇಲೆ ಮಾಡಿದ್ದನ್ನು ಮಾಡುತ್ತಿರಲಿಲ್ಲ.

ಆ ವರ್ಷದ ರಂಜಾನ್ ತಿಂಗಳು ಪೂರ್ತಿ ಅಮ್ಮ ಯೊನ್‌ಹಿಯ ಮದುವೆಯ ಅಧ್ಯಾಯ ಬರೆದಳು. ನಾಲ್ಕು ಸಲ ಹರಿದು ಐದನೇ ಸಲ ಬರೆದಳು. ಮದುವೆಯ ಬಗ್ಗೆ ಹಾನ್ ಅಂಕಲ್‌ರನ್ನು ಅವಳು ಏನೂ ಕೇಳಿರಲಿಲ್ಲ. ಅನ್ನ ಉಣ್ಣುವವರ ಮದುವೆ ಅಲ್ಲವಾ, ಅದನ್ನು ನಾನು ಕೇಳಬೇಕಾ ಎಂದಿದ್ದಳು. ಅವಳ ಅಧ್ಯಾಯದಲ್ಲಿ ಮದುಮಗಳು ಗಂಡನ ಮನೆಗೆ ಬಂದ ಕೂಡಲೇ ಅತ್ತೆ ಹರಿವಾಣದ ತುಂಬ ಅಕ್ಕಿ ಹರಡುತ್ತಾಳೆ. ಮದುಮಗ ಬೆರಳಿನ ಉಂಗುರ ತೆಗೆದು, ಆ ಉಂಗುರದಿಂದ ಅಕ್ಕಿಯ ಮೇಲೆ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಯೊನ್‌ಹಿ ಎಂಬ ಹೆಸರು ಅಲ್ಲಿಗೆ ಮುಗಿಯುತ್ತದೆ, ಅವಳು ಮಿಂಜಿ ಆಗುತ್ತಾಳೆ. ಮಿಂಜಿ ಎನ್ನುವುದು ಹಾನ್ ಅಂಕಲ್‌ರ ಮೊಮ್ಮಗಳ ಹೆಸರು, ಅಮ್ಮನಿಗೆ ಗೊತ್ತಿದ್ದ ಇನ್ನೊಂದು ಕೊರಿಯಾದ ಹೆಸರು ಅದೊಂದೇ.

ಈದ್ ಕಳೆದ ಮೇಲಿನ ಶುಕ್ರವಾರ ಅದನ್ನು ಓದಿ ಹೇಳಿದೆ. ಪಪ್ಪನಿಗೆ ಆ ವಾರ ಡ್ಯೂಟಿ ಇತ್ತು, ಬಂದಿರಲಿಲ್ಲ. ಹಾನ್ ಅಂಕಲ್ ಹೊಗಳುವಾಗಲೂ ಬೈಯುವಾಗಲೂ ಮುಖ ಒಂದೇ. ಪೂರ್ತಿ ಕೇಳಿ, ಚಮಚ ಕೆಳಗಿಟ್ಟು, ನನಗೆ ನಿಧಾನವಾಗಿ ಹೇಳಿದರು.

"ಇದು ತಪ್ಪು, ನಂದಿನಿ. ನಮ್ಮಲ್ಲಿ ಹೆಣ್ಣು ಮದುವೆಯಾದರೂ ಹುಟ್ಟಿದ ಮನೆಯ ಹೆಸರು ಬಿಡುವುದಿಲ್ಲ. ಸಾಯುವವರೆಗೂ ಅದೇ ಹೆಸರು. ಇಡೀ ಮನೆಗೆ ಒಂದೇ ಹೆಸರು ಎಂದು ಹೇರಿದವರು ಹೊರಗಿನಿಂದ ಬಂದವರು. ನಿನ್ನ ಅಮ್ಮನ ಕಥೆಯಲ್ಲಿ ನಮ್ಮವರೇ, ಮದುವೆಯ ದಿನವೇ, ಅವಳ ಹೆಸರು ತೆಗೆದುಬಿಟ್ಟಿದ್ದಾರೆ. ಹಾಗಾದರೆ ಕೊನೆಯಲ್ಲಿ ನನ್ನ ಅಜ್ಜಿ ಮೆಟ್ಟಿಲ ಮೇಲೆ ಕೂತು ಯಾಕೆ ಅಳಬೇಕು? ಹೆಸರು ಮೊದಲೇ ಹೋಗಿತ್ತಲ್ಲ. ಇದನ್ನು ಅಮ್ಮನಿಗೆ ಹೇಳು."

ಅಮ್ಮ ಪಾಯಸದ ಸೌಟು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕೆಳಗಿನಿಂದ ಸೈಕಲ್ ಬೆಲ್ಲು ಕೇಳುತ್ತಿತ್ತು. ಒಂದು ತಿಂಗಳ ಕೆಲಸ ತಪ್ಪು ಎಂದು ಹೇಳಿದರೆ ಅವಳ ಮುಖ ಹೇಗಾಗುತ್ತದೆ ಎಂಬ ಹೆದರಿಕೆ ಒಂದು. ಹೇಳಿದರೆ ಆಮೇಲೆ ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ, ಸಂಜೆಯ ಆಟ ಖಲಾಸ್ ಎಂಬ ಲೆಕ್ಕ ಇನ್ನೊಂದು. ಯಾವುದು ಹೆಚ್ಚು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

"ಎಂತ ಹೇಳಿದ್ರು?"

"ತುಂಬ ಚಂದ ಬಂದಿದೆಯಂತೆ. ಅವರ ಅಜ್ಜಿಯ ಮದುವೆಯೂ ಹೀಗೇ ಆದದ್ದಂತೆ."

ಅಮ್ಮನ ಕಣ್ಣಲ್ಲಿ ನೀರು ಬಂತು. "ಥ್ಯಾಂಕ್ಯೂ ಸಾರ್" ಎಂದು ಇಂಗ್ಲಿಷಿನಲ್ಲೇ ಹೇಳಿ, ಅವರ ಬಟ್ಟಲಿಗೆ ಇನ್ನೊಂದು ಸೌಟು ಪಾಯಸ ಹಾಕಿದಳು. ತಾನು ಹೇಳಿದ್ದನ್ನು ಇಷ್ಟು ಒಳ್ಳೆಯ ಮನಸ್ಸಿನಿಂದ ತೆಗೆದುಕೊಂಡಳಲ್ಲ ಎಂದು ಹಾನ್ ಅಂಕಲ್ ಎದ್ದು ನಿಂತು ಅವಳಿಗೆ ತಲೆಬಾಗಿದರು. ನಾನು ಸೈಕಲ್ ತುಳಿಯಲು ಇಳಿದೆ. ಒಂದು ಸುತ್ತೂ ಸರಿಯಾಗಿ ತುಳಿಯಲಾಗಲಿಲ್ಲ.

ಅದೇ ತಿಂಗಳು ಎರಡು ಸುದ್ದಿ ಒಟ್ಟಿಗೆ ಬಂದವು. ಹಾನ್ ಅಂಕಲ್‌ರ ಕೆಲಸ ಮುಗಿದಿತ್ತು, ಒಂದು ಶುಕ್ರವಾರ ಸಂಜೆಯ ವಿಮಾನಕ್ಕೆ ಅವರು ಕೊರಿಯಾಕ್ಕೆ ಹೊರಡುವುದು, ಮತ್ತೆ ಬರುವುದಿಲ್ಲ. ಮಾರನೇ ದಿನ, ಶನಿವಾರ, ಮೂರನೇ ಮಾಳಿಗೆಯ ವಸಂತಿ ಆಂಟಿ ರಜೆಗೆ ಮಂಗಳೂರಿಗೆ ಹೋಗುವುದು, ಹೋಗುವಾಗ ಅಮ್ಮನ ಕಾದಂಬರಿಯನ್ನು ಅಲ್ಲಿಯ ಒಬ್ಬ ಪ್ರಕಾಶಕರಿಗೆ ಮುಟ್ಟಿಸುವುದು. ಅಮ್ಮ ಹಗಲೆಲ್ಲ ಕೂತು ಶುದ್ಧಪ್ರತಿ ಬರೆದಳು. ಮೊದಲ ಪುಟ ಮಾತ್ರ ಖಾಲಿ ಬಿಟ್ಟಿದ್ದಳು, ಹೆಸರು ಕೊನೆಗೆ ಹಾಕುತ್ತೇನೆ ಎಂದಿದ್ದಳು. ನನಗೆ ಅನ್ನ ಸೇರುತ್ತಿರಲಿಲ್ಲ. ಇನ್ನು ಇಷ್ಟು ದಿನ, ಇನ್ನು ಇಷ್ಟು ದಿನ ಎಂದು ಎಣಿಸುತ್ತಿದ್ದೆ. ಪುಸ್ತಕ ಆ ತಪ್ಪಿನ ಸಮೇತ ಹೋಗುತ್ತದೆ, ತಪ್ಪು ಗೊತ್ತಿರುವ ಒಬ್ಬರೇ ಒಬ್ಬರೂ ಹೋಗುತ್ತಾರೆ, ಆಮೇಲೆ ಗೊತ್ತಿರುವವಳು ನಾನೊಬ್ಬಳೇ.

ಆ ವಾರದ ಬುಧವಾರ ಮಧ್ಯಾಹ್ನ ಅಮ್ಮ ಮೇಜಿನ ಪಕ್ಕ ಕೂತು ನನ್ನ ತಲೆಗೆ ಎಣ್ಣೆ ಹಾಕಿ ಜಡೆ ಹೆಣೆಯುತ್ತಿದ್ದಳು. ಹೆಣೆಯುತ್ತಲೇ ತಾನು ಬರೆದ ಕೊನೆಯ ಪುಟವನ್ನು ಬಾಯಿಪಾಠ ಹೇಳಿದಳು. ಯೊನ್‌ಹಿ ಮೆಟ್ಟಿಲ ಮೇಲೆ ಕೂತು ತನ್ನ ಹೆಸರನ್ನು ತಾನೇ ಮೂರು ಸಲ ಕರೆದುಕೊಳ್ಳುವುದು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ಅದರಿಂದಲೇ ಧೈರ್ಯ ಬಂತು.

"ಅಮ್ಮಾ, ನಾನು ಸುಳ್ಳು ಹೇಳಿದ್ದೆ."

ಬೆರಳು ನಿಂತಿತು. ಗೋಡೆಯನ್ನೇ ನೋಡುತ್ತ ಎಲ್ಲ ಹೇಳಿದೆ. ಮುಗಿದ ಮೇಲೆ ಬೆನ್ನಿಗೆ ಒಂದು ಬೀಳುತ್ತದೆ ಎಂದು ಭುಜ ಕುಗ್ಗಿಸಿ ಕೂತೆ. ಬೀಳಲಿಲ್ಲ. ಅಮ್ಮ ಜಡೆಯನ್ನು ತುದಿಯವರೆಗೆ ಹೆಣೆದು, ರಬ್ಬರ್ ಹಾಕಿ, ಇನ್ನೊಂದು ಜಡೆಯನ್ನೂ ಹೆಣೆದು ಮುಗಿಸಿದಳು. ನೆತ್ತಿ ಉರಿಯುವಷ್ಟು ಬಿಗಿ.

"ಅವರು ಹೇಳಿದ್ದನ್ನು ಈಗ ಹೇಳು. ಒಂದು ಶಬ್ದ ಬಿಡ್ಬಾರ್ದು."

ಹೇಳಿದೆ. ಅಜ್ಜಿ ಯಾಕೆ ಅಳಬೇಕು ಎಂಬಲ್ಲಿಗೆ ಬಂದಾಗ ಅಮ್ಮ ಎದ್ದು ಕಿಟಕಿಗೆ ಹೋಗಿ ನಿಂತಳು.

"ಅವರಲ್ಲಿ ಹೆಸರು ಬದಲಿಸುವುದಿಲ್ಲವಾ?"

"ಇಲ್ಲಂತೆ."

"ಮದುವೆಯಲ್ಲೂ?"

"ಸಾಯುವವರೆಗೂ ಇಲ್ಲಂತೆ."

"ನಾನು ಎಲ್ಲ ಕಡೆಯೂ ಬದಲಿಸ್ತಾರೆ ಅಂತ ಮಾಡಿದ್ದೆ."

ಆಮೇಲೆ ಅವಳು ಕಪಾಟಿನ ಮೇಲಿನ ಸೂಟ್‌ಕೇಸ್ ಇಳಿಸಿ, ತಳದಿಂದ ಒಂದು ಹಳದಿ ಬಣ್ಣಕ್ಕೆ ತಿರುಗಿದ ಮಾರ್ಕ್ಸ್‌ಕಾರ್ಡ್ ತೆಗೆದಳು. ಅದರಲ್ಲಿ ಗುಲಾಬಿ ಎಂದು ಇತ್ತು. ಯಾರದ್ದು ಎಂದು ಕೇಳಿದೆ. ನನ್ನದೇ ಎಂದಳು. ನನಗೆ ನಂಬಿಕೆ ಬರಲಿಲ್ಲ. ಅಮ್ಮನ ಹೆಸರು ಪ್ರಭಾ. ಪಾಸ್‌ಪೋರ್ಟಿನಲ್ಲಿ ಪ್ರಭಾ, ನನ್ನ ಶಾಲೆಯ ಡೈರಿಯಲ್ಲಿ ಪ್ರಭಾ, ಪಪ್ಪ ಕರೆಯುವುದು ಪ್ರಭಾ. ಮದುವೆಯ ದಿನ ಪಪ್ಪ ಅಕ್ಕಿಯ ಮೇಲೆ ಉಂಗುರದಿಂದ ಬರೆದ ಹೆಸರಂತೆ ಅದು. ಪ್ರಭಾಕರನ ಹೆಂಡತಿ ಪ್ರಭಾ, ಜೋಡಿ ಚಂದ ಇರುತ್ತದೆ ಎಂದು ಪಪ್ಪನ ಅಮ್ಮ ಆರಿಸಿದ್ದಂತೆ. ಆಮೇಲೆ ತವರಿನ ಅಣ್ಣಂದಿರೂ ಮರ್ಯಾದೆಗೆಂದು ಹಾಗೇ ಕರೆಯತೊಡಗಿದರು. ಗುಲಾಬಿ ಎಂದು ಕೊನೆಯವರೆಗೆ ಕರೆದವಳು ಅವಳ ತಾಯಿ ಒಬ್ಬಳೇ, ಆಕೆ ತೀರಿಕೊಂಡು ಎಂಟು ವರ್ಷವಾಗಿತ್ತು. ಅಮ್ಮನಿಗೆ ನನಗಿಂತ ಮೊದಲು ಒಂದು ಹೆಸರಿತ್ತು, ಆ ಹೆಸರಿನ ಹುಡುಗಿಯೊಬ್ಬಳು ಶಾಲೆಗೆ ಹೋಗಿ ಕನ್ನಡದಲ್ಲಿ ತೊಂಬತ್ತೊಂದು ಅಂಕ ತೆಗೆದಿದ್ದಳು ಎಂದು ನನಗೆ ಗೊತ್ತಾದದ್ದು ಹಾಗೆ.

ಸಂಜೆ ಪಪ್ಪ ಬಂದರು. ವಿಷಯ ಕೇಳಿ, ಬೂಟಿನ ಲೇಸು ಬಿಚ್ಚುತ್ತ, ಅವರು ತಮ್ಮ ಸ್ವಭಾವದಂತೆ ಸಲೀಸು ಮಾಡಲು ನೋಡಿದರು.

"ಎರಡು ಪುಟ ತೆಗೆದ್ರೆ ಆಯ್ತಲ್ಲ. ಅದಕ್ಕೆ ಇಷ್ಟು ಮುಖ ಯಾಕೆ?"

"ಎರಡು ಪುಟದ್ದಲ್ಲ. ನನಗೆ ಅದು ತಪ್ಪು ಅಂತ ಅನ್ನಿಸಲೇ ಇಲ್ಲ ನೋಡಿ. ಹೊರಗಿನವರು ಬಂದು ಹೆಸರು ತೆಗೆದ್ರು ಅಂತ ಮುನ್ನೂರು ಪುಟ ಅತ್ತಿದ್ದೇನೆ. ಒಳಗಿನವರು ತೆಗೆದದ್ದನ್ನು ಮದುವೆಯ ಸಂಭ್ರಮ ಅಂತ ಬರೆದಿದ್ದೇನೆ."

ಪಪ್ಪ ಬೂಟು ಕಳಚಿ ಪಕ್ಕಕ್ಕಿಟ್ಟರು.

"ನಿನ್ನನ್ನು ಯಾರೂ ಕೇಳ್ಲಿಲ್ಲ, ಹೌದು. ನನ್ನನ್ನೂ ಕೇಳ್ಲಿಲ್ಲ. ಅಮ್ಮ ಕಿವಿಯಲ್ಲಿ ಹೇಳಿದ್ರು, ನಾನು ಬರೆದೆ."

"ಗೊತ್ತುಂಟು. ನಿಮ್ಮನ್ನು ದೂರ್ಲಿಲ್ಲ."

"ದೂರಿದ್ರೂ ತಪ್ಪಿಲ್ಲ," ಎಂದರು ಪಪ್ಪ.

ಗುರುವಾರ ಬೆಳಿಗ್ಗೆ ಹಾನ್ ಅಂಕಲ್‌ರನ್ನು ಕರೆಸಿದರು. ಅವರ ಮನೆಯಲ್ಲಿ ಎಲ್ಲ ಪೆಟ್ಟಿಗೆ ಸೇರಿತ್ತು, ಕೂರಲು ಕುರ್ಚಿಯೂ ಇರಲಿಲ್ಲವಂತೆ. ನಾನು ಅವರ ಎದುರು ನಿಂತು ಇಂಗ್ಲಿಷಿನಲ್ಲಿ ಒಪ್ಪಿಕೊಂಡೆ, ಅಳು ಬಂತು. ಅವರು ಅದೇ ಮುಖದಲ್ಲಿ ಕೇಳಿಸಿಕೊಂಡರು.

"ನನ್ನ ಅಜ್ಜಿಯೂ ಸುಳ್ಳು ಹೇಳಿದ್ದಳು, ಪೊಲೀಸರ ಹತ್ತಿರ. ನೀನು ಆಳು ನೋಡಿ ಹೇಳಲಿಲ್ಲ, ಅಷ್ಟೇ."

ಪಪ್ಪ ನಕ್ಕುಬಿಟ್ಟರು. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದಾಗ ಹಿಂದಿನ ಮಧ್ಯಾಹ್ನದಿಂದ ಮೊದಲ ಸಲ ಅಮ್ಮನೂ ನಕ್ಕಳು. ಆಮೇಲೆ ಮದುವೆಯ ಬಗ್ಗೆ ಕೇಳಬೇಕಾದ್ದನ್ನೆಲ್ಲ ಕೇಳಿದಳು. ಮದುಮಗಳು ಅತ್ತೆ ಮಾವನಿಗೆ ನಮಸ್ಕಾರ ಮಾಡಿದಾಗ ಅವರು ಕೈತುಂಬ ಹಣ್ಣು ಬೀಜ ಎಸೆಯುತ್ತಾರಂತೆ, ಅವಳು ಮಡಿಲು ಒಡ್ಡಿ ಹಿಡಿಯಬೇಕಂತೆ, ಎಷ್ಟು ಹಿಡಿದರೆ ಅಷ್ಟು ಮಕ್ಕಳಂತೆ. ನಾನು ಇದನ್ನು ಹೇಳುವಷ್ಟರಲ್ಲೇ ಅಮ್ಮ ಪೆನ್ನು ಎತ್ತಿಕೊಂಡಿದ್ದಳು. ಮಡಿಲು ತುಂಬುವುದು ನಿಮ್ಮಲ್ಲೂ ಉಂಟಲ್ಲ ಸಾರ್ ಎಂದು ಅವರಿಗೆ ಕನ್ನಡದಲ್ಲೇ ಹೇಳಿದಳು, ಅವರು ಅರ್ಥವಾದವರಂತೆ ತಲೆಯಾಡಿಸಿದರು. ಆ ದಿನ ಪೂರ್ತಿ ಅಮ್ಮ ಮೇಜು ಬಿಟ್ಟು ಏಳಲಿಲ್ಲ. ಪಪ್ಪ ಅಡುಗೆ ಮಾಡಿದರು. ದಾಳಿತೋವೆಗೆ ಉಪ್ಪು ಎರಡು ಸಲ ಬಿದ್ದಿತ್ತು, ನಾವು ಮಾತಾಡದೆ ಉಂಡೆವು. ಇಂಥ ತಂದೆ ಸಿಕ್ಕಿದ್ದು ನನ್ನ ಪುಣ್ಯ ಎಂದು ಈಗ ಹೇಳುತ್ತೇನೆ, ಆಗ ನೀರು ಕುಡಿದು ಕುಡಿದು ಸಾಕಾಗಿತ್ತು.

ಶುಕ್ರವಾರ ಬೆಳಿಗ್ಗೆ ದೇವಸ್ಥಾನದಿಂದ ಬಂದ ಮೇಲೆ ಅಮ್ಮ ಗಂಜಿಗೆ ಅಕ್ಕಿ ಅಳೆಯಲು ಹೋದಾಗ ಪಪ್ಪ ಅವಳ ಕೈಯಿಂದ ಪಾವು ತೆಗೆದುಕೊಂಡರು. ದೇವರ ಮುಂದಿನ ಹಿತ್ತಾಳೆ ಹರಿವಾಣ ತಂದು ಬರೆಯುವ ಮೇಜಿನ ಮೇಲಿಟ್ಟು, ಅದರ ಮೇಲೆ ಕುಚ್ಚಲಕ್ಕಿ ಸುರಿದು ಕೈಯಿಂದ ಸಮ ಮಾಡಿದರು.

"ಎಂತ ಮಾಡ್ತಿದ್ದೀರಿ? ಅಕ್ಕಿ ಚೆಲ್ತದೆ."

"ನೀನು ಸುಮ್ಮನೆ ನಿಲ್ಲು."

ಅವರ ಮದುವೆ ಉಂಗುರ ಬೆರಳಿನಿಂದ ಬರಲು ಒಪ್ಪಲಿಲ್ಲ. ಸೈಟಿನ ಕೆಲಸದಲ್ಲಿ ಗೆಣ್ಣು ದಪ್ಪವಾಗಿತ್ತು. ಸಾಬೂನು ಹಾಕಿ ತಿರುಗಿಸಿ ತಿರುಗಿಸಿ ತೆಗೆದರು. ಉಂಗುರ ಹಿಡಿದು ಅಕ್ಕಿಯ ಮೇಲೆ 'ಗು' ಬರೆದರು, 'ಲಾ' ಬರೆದರು, 'ಬಿ'ಗೆ ಜಾಗ ಸಾಲಲಿಲ್ಲ. ಅಳಿಸಿ ಮತ್ತೆ ಚಿಕ್ಕದಾಗಿ ಬರೆದರು. ಡ್ರಾಯಿಂಗ್ ನೋಡುವ ಮನುಷ್ಯ, ಎರಡನೇ ಸಲ ಅಳತೆ ಸರಿಯಾಗಿ ಬಂತು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಪಪ್ಪ ಖಾಲಿ ಬಿಟ್ಟಿದ್ದ ಮೊದಲ ಪುಟವನ್ನು ಅವಳ ಕಡೆ ಸರಿಸಿದರು.

"ಪಾಸ್‌ಪೋರ್ಟಿನದ್ದು ಸರಿ ಮಾಡ್ಲಿಕ್ಕೆ ನನ್ನ ಕೈಯಲ್ಲಿ ಆಗುವುದಿಲ್ಲ. ಇದಕ್ಕೆ ಯಾರ ಸಹಿಯೂ ಬೇಡವಲ್ಲ."

ಅಮ್ಮ ಕೂತು ಆ ಪುಟದ ಮೇಲೆ ಗುಲಾಬಿ ಎಂದು ಬರೆದಳು. 'ಲಾ' ಸ್ವಲ್ಪ ಸೊಟ್ಟಗಾಯಿತು. ಬೇರೆ ಹಾಳೆ ತೆಗೆದುಕೊಳ್ಳಲಿಲ್ಲ. ಎರಡು ವರ್ಷದ ಮೇಲೆ ಆ ಪುಸ್ತಕ ಅಚ್ಚಾಗಿ ಬಂತು, ಹೆಚ್ಚು ಜನ ಓದಲಿಲ್ಲ, ಊರಿನಲ್ಲಿ ಗುಲಾಬಿ ಯಾರು ಎಂದು ಕೇಳಿದವರೇ ಹೆಚ್ಚು. ಆದರೆ ಆ ಬೆಳಿಗ್ಗೆ ಅದೆಲ್ಲ ನಮಗೆ ಗೊತ್ತಿರಲಿಲ್ಲ. ಬರೆದಾದ ಮೇಲೆ ಅವಳು ಎದ್ದು, ಹರಿವಾಣ ಎತ್ತಿಕೊಂಡು ಹೋಗಿ, ಆ ಅಕ್ಕಿಯನ್ನೇ ತೊಳೆದು ಗಂಜಿಗೆ ಹಾಕಿದಳು. ನಾನು ಅಯ್ಯೋ ಎಂದೆ. ಅಕ್ಕಿ ಇರುವುದು ಉಣ್ಣಲಿಕ್ಕೆ ಎಂದಳು.

ಹಾನ್ ಅಂಕಲ್ ಕೊನೆಯ ಸಲ ತಮ್ಮ ಚಮಚ ಹಿಡಿದು ಬಂದರು. ನಾಲ್ವರೂ ಚಾಪೆಯ ಮೇಲೆ ಕೂತು ಆ ಗಂಜಿ ಉಂಡೆವು, ಜೊತೆಗೆ ಮಾವಿನ ಮಿಡಿ, ಭರಣಿಯ ತಳದ ಕಿಮ್ಚಿ. ತಿದ್ದಿದ ಅಧ್ಯಾಯವನ್ನು ನಾನು ಓದಿ ಹೇಳಿದೆ. ಈ ಸಲ ಒಂದು ಶಬ್ದವೂ ಬಿಡಲಿಲ್ಲ, ಸೇರಿಸಲಿಲ್ಲ. ಮಡಿಲಿಗೆ ಹಣ್ಣು ಬೀಳುವಲ್ಲಿ ಅವರು ಕಣ್ಣು ಮುಚ್ಚಿಕೊಂಡರು. ಮುಗಿದ ಮೇಲೆ ಮೊದಲ ಪುಟ ಕೇಳಿದರು. ಅಲ್ಲಿ ಬರೆದದ್ದು ಏನು ಎಂದು ನನ್ನನ್ನು ಕೇಳಿದರು. ಅಕ್ಕಿಯ ಸಂಗತಿ ಪೂರ್ತಿ ಹೇಳಿದೆ. ಅವರು ಕನ್ನಡದ ಆ ಮೂರು ಅಕ್ಷರಗಳ ಮೇಲೆ ಬೆರಳಿಟ್ಟು, ನನ್ನ ಕೈಯಲ್ಲಿ ನಾಲ್ಕೈದು ಸಲ ಹೇಳಿಸಿ ಕೇಳಿಸಿಕೊಂಡರು.

ಮೂರೂವರೆಗೆ ಟ್ಯಾಕ್ಸಿ ಬಂತು. ಪಪ್ಪ ಪೆಟ್ಟಿಗೆಗಳನ್ನು ಕೆಳಗಿಳಿಸಿ ಬಂದರು. ಅಮ್ಮ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಳು. ಬೀಳ್ಕೊಡುವ ಹೊತ್ತಿಗೆ ಅವಳು ಯಾವಾಗಲೂ ಏನಾದರೊಂದು ಕೆಲಸ ಹಚ್ಚಿಕೊಳ್ಳುವವಳೇ. ಹಾನ್ ಅಂಕಲ್ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತರು. ನಾನು ಅಮ್ಮನನ್ನು ಕರೆಯಲು ಬಾಯಿ ತೆರೆದೆ, ಅವರು ಕೈಯೆತ್ತಿ ತಡೆದರು. ಗಂಟಲು ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ, ಒಳಗೆ ಕೇಳುವಷ್ಟು ಗಟ್ಟಿಯಾಗಿ ಕರೆದರು.

"ಗುಲಾಬಿ-ಸ್ಸಿ."

ನಲ್ಲಿ ನಿಂತಿತು. ಎಂಟು ವರ್ಷದಿಂದ ಯಾರೂ ಕರೆಯದಿದ್ದ ಹೆಸರು. ಅಮ್ಮ ಯಾರು, ಏನು ಎಂದು ಕೇಳಲಿಲ್ಲ. ಅಂಗಳದಲ್ಲಿ ಆಡುತ್ತಿದ್ದ ಹುಡುಗಿ ಮನೆಯೊಳಗಿನ ಕರೆಗೆ ಹೇಳುವ ಹಾಗೆ, ಅಲ್ಲಿಂದಲೇ ಹೇಳಿದಳು.

"ಓ... ಬಂದೆ."